ತೊಟ್ಟಿ ಎದ್ದ ವರ್ಷ

ನಮ್ಮ ಹಿತ್ತಲಲ್ಲಿ ಈಜುವುದಕ್ಕೆಂದೇ ಕಟ್ಟಿದ ತೊಟ್ಟಿಯೊಂದಿತ್ತು ಎಂದರೆ ಕೇಳಿದವರು ನಗುತ್ತಾರೆ. ಶಿಕಾರಿಪುರದಿಂದ ಬಳ್ಳಿಗಾವಿಗೆ ಹೋಗುವ ದಾರಿಯ ಸಣ್ಣ ಊರಿನಲ್ಲಿ, ಎರಡೆಮ್ಮೆ, ಒಂದು ಜೊತೆ ಎತ್ತು, ಮೂರೂವರೆ ಎಕರೆ ಗದ್ದೆ ಇದ್ದ ಮನೆಗೆ ಅದೆಂಥ ಶೋಕಿ ಎಂದು ಕೇಳುತ್ತಾರೆ. ಶೋಕಿಯಾಗಿರಲಿಲ್ಲ. ನನಗಿಂತ ಐದು ವರ್ಷಕ್ಕೆ ದೊಡ್ಡವಳಾದ ಮಂಗಳಕ್ಕನ ಎಡಗಾಲು ಪೋಲಿಯೊದಿಂದ ಸೊರಗಿತ್ತು. ಶಿವಮೊಗ್ಗದ ಡಾಕ್ಟರೊಬ್ಬರು ಅಪ್ಪನಿಗೆ, ದಿನಾ ನೀರಿನಲ್ಲಿ ಕಾಲಾಡಿಸಿದರೆ ಸೊಂಟಕ್ಕೆ ಬಲ ಬರುತ್ತದೆ, ಕೋಲಿಲ್ಲದೆ ನಾಲ್ಕು ಹೆಜ್ಜೆಯಾದರೂ ಹಾಕುತ್ತಾಳೆ ಎಂದರಂತೆ. ಊರ ಕೆರೆಗೆ ದೊಡ್ಡ ಹುಡುಗಿಯನ್ನು ಎಲ್ಲರೆದುರು ಎತ್ತಿಕೊಂಡು ಹೋಗಿ ಇಳಿಸುವುದಕ್ಕೆ ಅವ್ವ ಒಪ್ಪಲಿಲ್ಲ. ಅಪ್ಪ ಬೇಸಾಯದ ಜೊತೆಗೆ ಗಾರೆ ಕೆಲಸವನ್ನೂ ಮಾಡುತ್ತಿದ್ದ. ಸುತ್ತಲ ಹಳ್ಳಿಗಳಲ್ಲಿ ಗೋಬರ್ ಗ್ಯಾಸಿನ ಗುಂಡಿಗೂ ದನದ ಬಾನಿಗೂ ಅವನೇ ಆಗಬೇಕು. ಒಂದು ಬೇಸಿಗೆಯಿಡೀ ಬೇರೆಯವರ ಕೆಲಸಕ್ಕೆ ಹೋಗದೆ, ಇಬ್ಬರು ಆಳುಗಳನ್ನು ಕಟ್ಟಿಕೊಂಡು, ಹಿತ್ತಲಲ್ಲಿ ಹದಿನೆಂಟು ಅಡಿ ಉದ್ದ, ಹತ್ತಡಿ ಅಗಲದ ಕಾಂಕ್ರೀಟು ತೊಟ್ಟಿ ಕಟ್ಟಿದ. ಒಂದು ತುದಿಯಲ್ಲಿ ಸೊಂಟದ ಮಟ್ಟ, ಇನ್ನೊಂದು ತುದಿಯಲ್ಲಿ ಎದೆಮಟ್ಟ ಆಳ. ನಮ್ಮ ಮನೆ ಕೆರೆಯ ಏರಿಯ ಕೆಳಗಿತ್ತು. ಗುಂಡಿ ತೋಡುವಾಗಲೇ ಮೊಣಕಾಲಾಳಕ್ಕೆ ನೀರು ಜಿನುಗಿತ್ತು. ಆ ಜೌಗು ನೆಲದ ಸ್ವಭಾವ ಅಪ್ಪನಿಗೆ ಚೆನ್ನಾಗಿ ಗೊತ್ತಿತ್ತು.

ಅಪ್ಪನ ತಾಯಿ, ನಮ್ಮ ಅಜ್ಜಿಗೆ ಮಾತ್ರ ಮೊದಲ ದಿನದಿಂದಲೂ ತೊಟ್ಟಿ ಸೇರಲಿಲ್ಲ. ಅಡಿಗೆಮನೆಯ ಬೆನ್ನಿಗೆ ನೀರು ನಿಲ್ಲಿಸಬಾರದು, ಹಿತ್ತಲಲ್ಲಿ ನಿಂತ ನೀರು ಮನೆಯವರ ಹೆಸರು ಹಿಡಿದು ಕರೆಯುತ್ತದೆ ಎನ್ನುತ್ತಿದ್ದಳು. ಅಜ್ಜಿಯ ಮಾತಿಗೆ ಅವ್ವ ಎದುರಾಡುತ್ತಿರಲಿಲ್ಲ. ಪಾತ್ರೆಗಳನ್ನು ಸ್ವಲ್ಪ ಜೋರಾಗಿ ಇಡುತ್ತಿದ್ದಳು, ಅಷ್ಟೆ. ಅವರಿಬ್ಬರ ನಡುವೆ ದಿನಾ ಇಂಥ ಸಣ್ಣ ಸಪ್ಪಳಗಳಿದ್ದವು. ಆದರೂ ಸಂಜೆ ಇಬ್ಬರೂ ಒಂದೇ ಮೊರದಲ್ಲಿ ಅಕ್ಕಿ ಹಸನು ಮಾಡುತ್ತ, ಊರಿನವರೆಲ್ಲರ ಸಂಸಾರಗಳನ್ನು ಕಾಳು ಕಲ್ಲು ಬೇರೆ ಮಾಡಿದ ಹಾಗೆ ಆರಿಸುತ್ತಿದ್ದರು. ಅತ್ತೆ ಸೊಸೆ ಜಗಳಾಡುತ್ತಲೇ ಸ್ನೇಹಿತೆಯರಾಗಿರುವುದನ್ನು ನಾನು ಆ ಮನೆಯಲ್ಲಿ ನೋಡಿದೆ. ಆಮೇಲೆ ಅದು ನಿಂತುಹೋದದ್ದನ್ನೂ ನೋಡಿದೆ.

ನೆಲದ ಮೇಲೆ ಗೋಡೆ ಹಿಡಿದು ಸರಿಯುತ್ತಿದ್ದ ಮಂಗಳಕ್ಕ ನೀರಿಗಿಳಿದರೆ ಬೇರೆಯೇ ಆಗುತ್ತಿದ್ದಳು. ಮೊದಮೊದಲು ಅಡ್ಡಲಾಗಿ ಕಟ್ಟಿದ ಹಗ್ಗ ಹಿಡಿದು ನಿಲ್ಲುತ್ತಿದ್ದವಳು ವರ್ಷ ಕಳೆಯುವುದರೊಳಗೆ ಬೆನ್ನ ಮೇಲೆ ತೇಲುವುದನ್ನು ಕಲಿತಳು. ತೇಲುತ್ತಲೇ ನನಗೆ ಹದಿಮೂರರ ಮಗ್ಗಿ ಕೇಳುತ್ತಿದ್ದಳು. ತಪ್ಪಿದರೆ ಬಾಯಿ ತುಂಬ ನೀರು ತುಂಬಿಕೊಂಡು ನನ್ನ ಮುಖಕ್ಕೆ ಉಗುಳುತ್ತಿದ್ದಳು. ನಾಲಿಗೆ ಚೂಪು. ಅವಳ ಮೇಲೆ ನನಗೆ ಪ್ರೀತಿಯೂ ಇತ್ತು, ಹೊಟ್ಟೆಕಿಚ್ಚೂ ಇತ್ತು. ಮನೆಯ ಗಡಿಯಾರವೇ ಅವಳಾಗಿದ್ದಳು. ಅವಳು ನೀರಿಗಿಳಿಯುವ ಹೊತ್ತು, ಎಣ್ಣೆ ತಿಕ್ಕುವ ಹೊತ್ತು, ಬೆಲ್ಲದ ಕಾಫಿ ಕುಡಿಯುವ ಹೊತ್ತು ಎಂದೇ ನಮ್ಮ ದಿನ ಸಾಗುತ್ತಿತ್ತು. ನನಗೆ ಒಪ್ಪಿಸಿದ ಕೆಲಸ ಒಂದೇ. ಸಂಜೆ ಅವಳ ಈಜು ಮುಗಿದಾಗ ಟವೆಲು ತೆಗೆದುಕೊಂಡು ಹೋಗಿ, ಏಣಿ ಇಳಿಸಿ, ಕಂಕುಳಿಗೆ ಕೈಕೊಟ್ಟು ಮೇಲೆಳೆದುಕೊಳ್ಳುವುದು. ಏಣಿಯಿಲ್ಲದೆ, ಕೈಕೊಡುವವರಿಲ್ಲದೆ ಅವಳು ಹತ್ತಲಾರಳು. ಕೂಗಿ ಕರೆಯುವುದಕ್ಕೆ ಅವಳಿಗೆ ನಾಚಿಕೆ. ಅಂಗೈಯಿಂದ ನೀರಿಗೆ ಮೂರು ಸಲ ಬಡಿಯುತ್ತಿದ್ದಳು. ಆ ಸಪ್ಪಳ ಕೇಳಿದರೆ ನಾನು ಎಲ್ಲಿದ್ದರೂ ಓಡಬೇಕು.

ಒಂದು ಚಳಿಗಾಲದ ಸಂಜೆ ನಾನು ಓಡಲಿಲ್ಲ. ಕಾರಣ ಹೇಳಿದರೆ ಕೇಳುವವರಿಗೆ ಏನೂ ಅನ್ನಿಸದು. ಶಾಲೆಯಲ್ಲಿ ನನಗೆ ಬಹುಮಾನವಾಗಿ ಸಿಕ್ಕಿದ್ದ ಬಣ್ಣದ ಪೆನ್ಸಿಲುಗಳನ್ನು ಅವ್ವ, ಅವಳಿಗೆ ಹೊತ್ತು ಹೋಗುವುದಿಲ್ಲ ಎಂದು ಮಂಗಳಕ್ಕನಿಗೆ ಕೊಟ್ಟಿದ್ದಳು. ನಾನು ಹುಲ್ಲಿನ ಬಣವೆಯ ಹಿಂದೆ ಕೂತಿದ್ದೆ. ನೀರು ಬಡಿದ ಸಪ್ಪಳ ಕೇಳಿತು. ಕೂತೇ ಇದ್ದೆ. ಮತ್ತೆ ಕೇಳಿತು. ಸ್ವಲ್ಪ ಕಾಯಲಿ ಎಂದುಕೊಂಡೆ. ಎಷ್ಟು ಸಲ ಬಡಿದಳೋ, ಕೊನೆಗೆ ಸಪ್ಪಳ ನಿಂತಾಗ ಹೆದರಿ ಎದ್ದೆ. ಹೋಗಿ ನೋಡಿದರೆ ಅವಳು ಹಗ್ಗಕ್ಕೆ ಎರಡೂ ಕೈ ಹಾಕಿ ಜೋತುಬಿದ್ದಿದ್ದಳು. ತುಟಿ ನೀಲಿಯಾಗಿತ್ತು. ಹಲ್ಲು ಕಟಕಟನೆ ಕಡಿಯುತ್ತಿದ್ದವು. ಯಾಕೆ ಬರಲಿಲ್ಲ ಎಂದು ಕೇಳಿದಳು. ಕೇಳಿಸಲಿಲ್ಲ ಎಂದೆ. ನನ್ನ ಮುಖವನ್ನೇ ನೋಡಿದಳು, ಮತ್ತೇನೂ ಕೇಳಲಿಲ್ಲ. ಅವ್ವನಿಗೂ ಹೇಳಲಿಲ್ಲ. ಮೂರನೆಯ ದಿನ ಜ್ವರ ಬಂತು. ಊರಿನ ಔಷಧ, ಶಿಕಾರಿಪುರದ ಆಸ್ಪತ್ರೆ, ಆಮೇಲೆ ಶಿವಮೊಗ್ಗ. ಜ್ವರ ತಲೆಗೇರಿತು ಎಂದರು. ಅವಳನ್ನು ಮನೆಗೆ ತಂದಾಗ ಊರ ಹೆಂಗಸರೆಲ್ಲ ಪಡಸಾಲೆಯಲ್ಲಿದ್ದರು. ನಮ್ಮಲ್ಲಿ ಸುಡುವುದಿಲ್ಲ, ಮಣ್ಣು ಮಾಡುತ್ತಾರೆ. ತೊಟ್ಟಿಯ ಕೆಳಗೆ ಇಳಿಜಾರಿನಲ್ಲಿ ನಮ್ಮ ಗದ್ದೆ. ಅದರ ಮೂಲೆಯಲ್ಲಿ ಅವಳನ್ನು ಕೂರಿಸಿ, ವಿಭೂತಿ ಇಟ್ಟು, ಮಣ್ಣು ಮುಚ್ಚಿದರು.

ಅದಾದ ಮೇಲೆ ತೊಟ್ಟಿಯ ನೀರನ್ನು ಯಾರೂ ಮುಟ್ಟಲಿಲ್ಲ. ಮುಟ್ಟಗೊಡಲಿಲ್ಲ ಅವ್ವ. ದಿನಾ ಸಂಜೆ, ಮಂಗಳಕ್ಕ ಈಜು ಮುಗಿಸುತ್ತಿದ್ದ ಹೊತ್ತಿಗೆ ಸರಿಯಾಗಿ ಹೋಗಿ ತೊಟ್ಟಿಯ ಅಂಚಿನಲ್ಲಿ ಕೂರುತ್ತಿದ್ದಳು. ದೀಪ ಹಚ್ಚುವ ಹೊತ್ತಿಗೆ ಎದ್ದು ಬರುತ್ತಿದ್ದಳು. ಬೇಸಿಗೆ ಬರುವುದರೊಳಗೆ ನೀರು ಹಸಿರಾಗಿ, ಆಮೇಲೆ ಕಪ್ಪಾಗಿ, ಮೇಲೆ ಎಲೆ ಕೊಳೆತು ತೇಲತೊಡಗಿತು. ಆರೋಗ್ಯ ಇಲಾಖೆಯಿಂದ ಬಂದವರೊಬ್ಬರು ಸೊಳ್ಳೆಮರಿ ತೋರಿಸಿ, ಖಾಲಿ ಮಾಡಿ ಎಂದು ಹೇಳಿ ಹೋದರು. ಅಜ್ಜಿ ದಿನಕ್ಕೊಮ್ಮೆಯಾದರೂ ಅದನ್ನೇ ಹೇಳುತ್ತಿದ್ದಳು. ಸತ್ತವರು ಮಿಂದ ನೀರು ಮನೆಯಲ್ಲಿ ಇಟ್ಟುಕೊಳ್ಳಬಾರದು, ತೂಬು ಬಿಚ್ಚಿ ಹರಿಯಬಿಡಿ, ಗುಂಡಿಗೆ ಮಣ್ಣು ತುಂಬಿ ಎಂದು ಅಪ್ಪನ ಹಿಂದೆ ಬಿದ್ದಿದ್ದಳು. ನೆರೆಮನೆಯವರಿಗೆಲ್ಲ ಗೊತ್ತಿದ್ದ ಮಾತು ಇದು.

ನನಗೆ ಆ ದಿನಗಳಲ್ಲಿ ಸಪ್ಪಳ ಕೇಳಲು ಶುರುವಾಯಿತು. ಶಾಲೆಯಿಂದ ಬಂದು ಚೀಲ ಇಳಿಸುವ ಹೊತ್ತಿಗೆ, ಹಿತ್ತಲ ಕಡೆಯಿಂದ ಅಂಗೈ ನೀರಿಗೆ ಬಡಿದ ಹಾಗೆ, ಮೂರು ಸಲ. ಮೊದಲ ದಿನ ಟವೆಲು ಎಳೆದುಕೊಂಡು ಬಾಗಿಲವರೆಗೂ ಓಡಿದೆ. ಅಲ್ಲಿ ಅವ್ವ ಬೆನ್ನು ಮಾಡಿ ಕೂತಿದ್ದಳು, ನೀರು ಅಲುಗಾಡದೆ ನಿಂತಿತ್ತು. ಕಪ್ಪೆ ಇರಬಹುದು, ಬಿದ್ದ ಕಾಯಿ ಇರಬಹುದು ಎಂದು ಈಗ ಹೇಳಿಕೊಳ್ಳಬಲ್ಲೆ. ಆಗ ಹತ್ತು ವರ್ಷದ ನನಗೆ ಅದು ಕಪ್ಪೆಯಾಗಿರಲಿಲ್ಲ. ಊಟಕ್ಕೆ ಕೂತಾಗ, ಲೆಕ್ಕ ಮಾಡುವಾಗ, ಅಜ್ಜಿ ನನ್ನ ತಲೆ ಬಾಚುವಾಗ ಕೇಳುತ್ತಿತ್ತು. ಕಿವಿಗೆ ಹತ್ತಿ ತುರುಕಿಕೊಂಡೆ. ಆಗಲೂ ಕೇಳಿತು. ಹಿತ್ತಲಿಗೆ ಹೋಗುವುದನ್ನೇ ಬಿಟ್ಟೆ. ಬಟ್ಟೆ ಒಣಹಾಕು ಎಂದರೆ ಅಳುತ್ತಿದ್ದೆ. ಮಗುವಿಗೆ ಏನೋ ಸೋಂಕಿದೆ ಎಂದು ಅಜ್ಜಿ ಚಂದ್ರಗುತ್ತಿಯ ಅಮ್ಮನಿಗೆ ಹರಕೆ ಹೊತ್ತಳು. ಅವ್ವ ನನ್ನ ಕಡೆ ನೋಡುತ್ತಲೇ ಇರಲಿಲ್ಲ. ಅವಳು ನೋಡದಿರುವುದಕ್ಕೆ ಕಾರಣ ನಾನೇ, ಅವಳಿಗೆ ಎಲ್ಲ ಗೊತ್ತಾಗಿದೆ ಎಂದು ನಾನು ನಂಬಿದ್ದೆ.

ರೋಹಿಣಿ ಮಳೆ ಹತ್ತಿರವಾದಾಗ ಅಪ್ಪ ಪ್ರತಿವರ್ಷದ ಹಾಗೆ ತೊಟ್ಟಿಯನ್ನು ಮಳೆಗೆ ಅಣಿಮಾಡಿದ. ಮಗಳಿಲ್ಲದಿದ್ದರೂ ಆ ಕೆಲಸ ಬಿಡಲಿಲ್ಲ. ಅರಬ್ಬಿ ಸಮುದ್ರದಲ್ಲಿ ಚಂಡಮಾರುತ ಎದ್ದಿದೆ, ಈ ಸಲ ಗಾಳಿಮಳೆ ಬೇಗ ಎಂದು ರೇಡಿಯೊದಲ್ಲಿ ಹೇಳಿದ್ದರು. ಬದಿಯ ನೇರಳೆ ಮರದ ಬಾಗಿದ ಕೊಂಬೆಗಳನ್ನು ಕಡಿದ. ಬಾವಿಯಿಂದ ತೊಟ್ಟಿಗೆ ನೀರೆತ್ತುತ್ತಿದ್ದ ಪಂಪು ಬಿಚ್ಚಿ ಕೊಟ್ಟಿಗೆಯ ಅಟ್ಟಕ್ಕೇರಿಸಿದ. ಬಟ್ಟೆ ಬದಲಿಸುವ ಮರೆಗೆಂದು ನಿಲ್ಲಿಸಿದ್ದ ತಗಡುಗಳನ್ನು ಬಿಚ್ಚಿ, ಒಂದರ ಮೇಲೊಂದು ಪೇರಿಸಿ, ಮೇಲೆ ಕಲ್ಲು ಹೇರಿದ. ಸುತ್ತಲ ಕಾಲುವೆಯ ಹೂಳು ತೆಗೆದ. ತೊಟ್ಟಿಯ ತಳದಿಂದ ಗದ್ದೆಯ ಕಡೆಗೆ ಒಂದು ಪೈಪು ಹೊರಟಿತ್ತು. ಅದೇ ತೂಬು. ಅದರ ಹೊರಬಾಯಿಗೆ ಗೋಣಿ ಸುತ್ತಿದ ಮರದ ಬಿರಡೆ ಜಡಿದಿರುತ್ತಿತ್ತು. ಬಿರಡೆ ಬಿಗಿಯಾಗಿದೆಯೇ ಎಂದು ತಟ್ಟಿ ನೋಡಿದ. ಮಳೆನೀರು ಉಕ್ಕಿ ಅಡಿಗೆಮನೆಗೆ ನುಗ್ಗದಿರಲೆಂದು, ಪ್ರತಿವರ್ಷ ರಬ್ಬರು ಪೈಪಿನಲ್ಲಿ ಎಳೆದು ಮೇಲಿನ ಒಂದು ಮೊಳ ನೀರನ್ನಷ್ಟೇ ಇಳಿಸುತ್ತಿದ್ದ. ಈ ಸಲ ಅದಕ್ಕೂ ಅವ್ವ ಅಡ್ಡ ನಿಂತಳು. ಅವಳಿಗೆ ಸಮಾಧಾನ ಹೇಳಿ ಹೇಳಿ, ಕೊನೆಗೆ ಒಂದು ಗೇಣು ಇಳಿಸಿದ. ಅಡ್ಡ ಕಟ್ಟಿದ ಹಗ್ಗವನ್ನು ಮಾತ್ರ ಬಿಚ್ಚಲು ಅವಳು ಬಿಡಲಿಲ್ಲ.

ಅಜ್ಜಿ ಅಲ್ಲೇ ನಿಂತು, ಇಳಿಸುವುದಾದರೆ ಪೂರ್ತಿ ಇಳಿಸಬಾರದೇ ಎಂದಾಗ ಅಪ್ಪ ಅಂದ ಮಾತು ನನಗೆ ಇಂದಿಗೂ ನೆನಪಿದೆ.

"ಬ್ಯಾಡವ್ವ. ಈ ನೆಲದಾಗ ತುಂಬಿದ ತೊಟ್ಟಿ ಮಲಗಿರ್ತೈತಿ, ಖಾಲಿ ತೊಟ್ಟಿ ದೋಣಿ ಆಗ್ತೈತಿ. ಮಳಿಗಾಲದಾಗ ಕೆಳಗಿಂದ ನೀರು ಎತ್ತಿಬಿಡ್ತೈತಿ ಅದನ್ನ."

ಹಿಂದೊಮ್ಮೆ ಯಾರದೋ ಮನೆಯ ಹೊಸ ಗೋಬರ್ ಗ್ಯಾಸಿನ ಗುಂಡಿ, ಸಗಣಿ ತುಂಬುವ ಮೊದಲೇ ಮಳೆ ಹಿಡಿದು ಮೇಲೆದ್ದದ್ದನ್ನು ಅವನು ಕಂಡಿದ್ದ. ಆ ಕಥೆಯನ್ನೂ ಹೇಳಿದ. ನಾನು ಹಿತ್ತಲ ಬಾಗಿಲಲ್ಲಿ ನಿಂತು ಕೇಳಿಸಿಕೊಂಡೆ. ಆದ್ದರಿಂದ ಗೊತ್ತಿಲ್ಲದೆ ಮಾಡಿದೆ ಎಂದು ಹೇಳುವಂತಿಲ್ಲ.

ಮಳೆ ಹಿಡಿಯಿತು. ಬಿಟ್ಟು ಬಿಟ್ಟು ಎರಡು ವಾರ ಸುರಿದು ನೆಲವೆಲ್ಲ ನೆಂದು ಕೆಸರಾಗಿತ್ತು. ಕುಬಟೂರಿನ ತವರಿನಲ್ಲಿ ಅವ್ವನ ತಾಯಿಗೆ ಕಾಯಿಲೆ ಜೋರಾಗಿದೆ ಎಂದು ಹೇಳಿಕಳಿಸಿದರು. ಆರು ತಿಂಗಳಿಂದ ಮನೆ ಬಿಟ್ಟು ಹೋಗದ ಅವ್ವ ಅಂದು ಹೊರಡಲೇಬೇಕಾಯಿತು. ಅಪ್ಪ ಅವಳನ್ನು ಕರೆದುಕೊಂಡು ಬೆಳಗಿನ ಬಸ್ಸಿಗೆ ಹೋದ. ದನಕರುಗಳಿಗೆ ಅಜ್ಜಿ, ಅಜ್ಜಿಗೆ ನಾನು ಎಂದು ಇಬ್ಬರನ್ನೂ ಬಿಟ್ಟುಹೋದರು. ಅಂದು ಮಳೆಗೆ ಶಾಲೆ ಅರ್ಧ ದಿನಕ್ಕೇ ಬಿಟ್ಟಿತ್ತು. ಮನೆಗೆ ಬಂದಾಗ ಅಜ್ಜಿ ಕೊಟ್ಟಿಗೆಯಲ್ಲಿದ್ದಳು. ಅಡಿಗೆಮನೆಯಲ್ಲಿ ಒಬ್ಬಳೇ ಕೂತು ಅನ್ನ ಕಲಸಿಕೊಳ್ಳುತ್ತಿದ್ದೆ. ಸಪ್ಪಳ ಕೇಳಿತು. ಮೂರು ಸಲ, ಮತ್ತೆ ಮೂರು ಸಲ. ನೀರಿರುವ ತನಕ ಅವಳು ಕರೆಯುತ್ತಲೇ ಇರುತ್ತಾಳೆ, ನಾನು ಹೋಗುವ ತನಕ ನಿಲ್ಲಿಸುವುದಿಲ್ಲ ಎನ್ನಿಸಿತು. ಎಂಜಲು ಕೈಯಲ್ಲೇ ಎದ್ದೆ. ತೊಟ್ಟಿಯ ಕಡೆ ನೋಡದೆ ಸುತ್ತು ಹಾಕಿ ಗದ್ದೆಯ ಬದಿಗಿಳಿದು, ತೂಬಿನ ಬಾಯಿಯ ಹತ್ತಿರ ಕೂತು, ಗುದ್ದಲಿಯ ಹಿಂಬದಿಯಿಂದ ಬಿರಡೆಯನ್ನು ಎಡಕ್ಕೂ ಬಲಕ್ಕೂ ಬಡಿದೆ. ಹತ್ತು ಹದಿನೈದು ಏಟಿಗೆ ಅದು ಸಡಿಲವಾಯಿತು. ಮುಂದಿನ ಏಟಿಗೆ ನೀರೇ ಅದನ್ನು ಕಿತ್ತು ಎಸೆಯಿತು. ಕಪ್ಪು ನೀರು ನನ್ನ ಎದೆಗೆ ಬಡಿದು ನಾನು ಅಂಗಾತ ಬಿದ್ದೆ. ಎದ್ದು ನೋಡಿದಾಗ ಬಿರಡೆ ಕಾಲುವೆಯಲ್ಲಿ ಕೊಚ್ಚಿಕೊಂಡು ಹೋಗಿತ್ತು. ನೀರು ಗದ್ದೆಗಿಳಿದು, ಮಂಗಳಕ್ಕನ ಮಣ್ಣಿನ ಗುಡ್ಡೆಯನ್ನು ಬಳಸಿಕೊಂಡು ಹರಿಯುತ್ತಿತ್ತು. ಅದನ್ನು ನೋಡುತ್ತ ಮಳೆಯಲ್ಲಿ ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ. ಸಪ್ಪಳ ನಿಂತಿತ್ತು. ಆ ಸಂಜೆ ಹೊಟ್ಟೆ ತುಂಬ ಉಂಡೆ.

ಮರುದಿನ ಬೆಳಿಗ್ಗೆ ಅಜ್ಜಿ ಸಗಣಿ ಹಾಕಲು ಹೋದವಳು ಖಾಲಿ ತೊಟ್ಟಿಯನ್ನು ನೋಡಿದಳು. ಕೂಗಾಡಲಿಲ್ಲ. ಒಳಗೆ ಬಂದು ನನ್ನ ಮುಖ ನೋಡಿದಳು. ನಾನು ಅಳಲು ಶುರುಮಾಡಿದಾಗ, ಅಳು ಆಮೇಲೆ, ಮೊದಲು ಗೋಣಿಚೀಲ ತಾ ಎಂದಳು. ತಾನೇ ಆರು ತಿಂಗಳಿಂದ ಖಾಲಿ ಮಾಡಿ ಎನ್ನುತ್ತಿದ್ದ ಮುದುಕಿ, ಸೀರೆ ಎತ್ತಿಕಟ್ಟಿ ಕೆಸರಿನಲ್ಲಿ ಕೂತು ತೂಬಿನ ಬಾಯಿಗೆ ಗೋಣಿ ತುರುಕಿ, ಅಂಟುಮಣ್ಣು ಮೆತ್ತಿದಳು. ಕರೆಂಟಿರಲಿಲ್ಲ, ಪಂಪು ಅಟ್ಟದ ಮೇಲಿತ್ತು. ಸಹಾಯಕ್ಕೆ ಯಾರನ್ನಾದರೂ ಕರೆಯೋಣವೆಂದರೆ ಬೇಡವೆಂದಳು. ಕರೆದರೆ ಯಾರು ತೆಗೆದರು ಎಂದು ಕೇಳುತ್ತಾರೆ. ಅವಳು ಬಾವಿಯಿಂದ ಸೇದಿದಳು, ನಾನು ಕೊಡ ಹೊತ್ತು ತಂದು ಸುರಿದೆ. ಅಂದು ಹಗಲೆಲ್ಲ, ಮರುದಿನ ಬೆಳಿಗ್ಗೆಯೂ. ಮಳೆ ನಿಂತಿರಲಿಲ್ಲ. ಅಷ್ಟು ಸುರಿದರೂ ತಳದಲ್ಲಿ ಪಾದ ಮುಳುಗುವಷ್ಟು ನೀರು ನಿಂತಿತ್ತು, ಅದೂ ಗೋಣಿಯ ಸಂದಿಯಲ್ಲಿ ಜಿನುಗುತ್ತಿತ್ತು. ಸೇದುವ ಹಗ್ಗ ಉಜ್ಜಿ ಅಜ್ಜಿಯ ಅಂಗೈ ಕಿತ್ತು ಬಂದಿತ್ತು. ಇದು ಆಗುವ ಕೆಲಸವಲ್ಲ ಎಂದು ಅವಳಿಗೂ ಗೊತ್ತಿತ್ತು. ಆದರೂ ಸೇದುತ್ತಲೇ ಇದ್ದಳು.

ಮಧ್ಯಾಹ್ನ ಒಂದಿಷ್ಟು ಉಂಡು ಹೋಗೋಣವೆಂದು ಒಳಗೆ ಕೂತಿದ್ದೆವು. ಹಿತ್ತಲಲ್ಲಿ ಹೇರಿನ ಗಾಡಿಯ ಅಚ್ಚು ನರಳಿದಂಥ ಸದ್ದಾಯಿತು. ಆಮೇಲೆ ಹಿತ್ತಲ ಗೋಡೆ ಕುಸಿದ ಸದ್ದು. ಬಾಗಿಲು ತೆಗೆದಾಗ ಕೆರೆಯ ಕಡೆಯ ತುದಿ ನೆಲ ಸೀಳಿಕೊಂಡು ಮೇಲೇಳುತ್ತಿತ್ತು. ಒಮ್ಮೆಗೇ ಅಲ್ಲ, ಮಲಗಿದ ಎಮ್ಮೆ ಹಿಂಗಾಲೂರಿ ಏಳುವ ಹಾಗೆ ನಿಧಾನವಾಗಿ, ಮನುಷ್ಯರ ಸೊಂಟದೆತ್ತರಕ್ಕೆ ಎದ್ದು ನಿಂತಿತು. ಅಡಿಯಿಂದ ಕೆಂಪು ನೀರು ಗುಳುಗುಳು ಎಂದು ಉಕ್ಕುತ್ತಿತ್ತು. ಅಡ್ಡ ಕಟ್ಟಿದ ಹಗ್ಗ ತಟ್ಟನೆ ಹರಿದು ಗಾಳಿಗೆ ಹಾರಿತು. ಮಂಗಳಕ್ಕನೇ ಏಳುತ್ತಿದ್ದಾಳೆ ಎಂದುಕೊಂಡೆ. ನಾನು ಕೈಕೊಡಲು ಹೋಗಲಿಲ್ಲವೆಂದು ತೊಟ್ಟಿಯನ್ನೇ ಎತ್ತಿಕೊಂಡು ಬರುತ್ತಿದ್ದಾಳೆ. ಅಜ್ಜಿಯ ಸೀರೆಯೊಳಗೆ ಮುಖ ಹುದುಗಿಸಿ ಎಲ್ಲವನ್ನೂ ಹೇಳಿಬಿಟ್ಟೆ. ಬಣವೆಯ ಹಿಂದೆ ಕೂತದ್ದು, ಕೇಳಿಸಲಿಲ್ಲವೆಂದು ಸುಳ್ಳಾಡಿದ್ದು, ಇಷ್ಟು ದಿನ ಕೇಳುತ್ತಿರುವ ಸಪ್ಪಳ, ಎಲ್ಲ.

ಅಜ್ಜಿ ಬಹಳ ಹೊತ್ತು ನನ್ನ ಬೆನ್ನು ನೀವುತ್ತ ನಿಂತಿದ್ದಳು. ಆಮೇಲೆ ಹೇಳಿದಳು.

"ಕುಸುಮಿ, ಕೇಳು. ತೂಬು ತೆಗೆದಾಕಿ ನಾನು. ನೀನು ಬಾಯಿ ಬಿಡಬ್ಯಾಡ."

ಯಾಕೆ ಎಂದು ಕೇಳಿದೆ.

"ನಿಮ್ಮವ್ವಗ ಉಳಿದಿರೋ ಮಗಳು ನೀನೊಬ್ಬಾಕಿನ. ನಿನ್ನ ಮ್ಯಾಲೂ ಸಿಟ್ಟಾದರ ಅಕಿ ಯಾರ ಮಾರಿ ನೋಡಿ ಬದುಕಬೇಕು? ಅತ್ತಿ ಮ್ಯಾಲೆ ಸೊಸಿಗೆ ಸಿಟ್ಟಿದ್ದರ ಲೋಕದಾಗ ಹೊಸದೇನಲ್ಲ."

ಹಳ್ಳ ತುಂಬಿ ಬಸ್ಸು ನಿಂತಿದ್ದರಿಂದ ಅಪ್ಪ ಅವ್ವ ಮರುದಿನ ಮಧ್ಯಾಹ್ನ ನಡೆದೇ ಬಂದರು. ಅವ್ವ ಕಾಲು ತೊಳೆಯದೆ ನೇರ ಹಿತ್ತಲಿಗೆ ಹೋದಳು. ಅಪ್ಪ ಎದ್ದು ನಿಂತ ತೊಟ್ಟಿಯನ್ನು ಸುತ್ತು ಹಾಕಿದ. ಬಿರುಕನ್ನು ಬೆರಳಿನಿಂದ ಮುಟ್ಟಿ ನೋಡಿದ. ಕೆಳಗಿಳಿದು ತೂಬಿನ ಬಾಯಿಯ ಗೋಣಿಯನ್ನು ನೋಡಿದ. ಮೇಲೆ ಬಂದು, ಯಾರು ತೆಗೆದದ್ದು ಎಂದಷ್ಟೇ ಕೇಳಿದ. ನಾನು ತೆಗೆದೆ, ಮನೆಗೆ ಒಳ್ಳೆಯದಾಗಲಿ ಅಂತ ತೆಗೆದೆ ಎಂದಳು ಅಜ್ಜಿ. ಒಂದು ಕ್ಷಣವೂ ಯಾರೂ ಅನುಮಾನಿಸಲಿಲ್ಲ. ಆರು ತಿಂಗಳಿಂದ ಅವಳು ಬೇಡಿದ್ದೇ ಅದನ್ನು. ಅವ್ವ ತಿರುಗಿ ಅಜ್ಜಿಯನ್ನು ನೋಡಿದಳು.

"ನನ್ನ ಮಗಳು ಮಿಂದ ನೀರು ನಿಮಗ ಅಷ್ಟು ಭಾರ ಆಗಿತ್ತೇನ್ರಿ, ಅತ್ತಿ?"

ಅವ್ವ ಅಜ್ಜಿಯ ಜೊತೆ ಆಡಿದ ಕೊನೆಯ ಮಾತು ಅದು. ಆಮೇಲೆ ಅಜ್ಜಿ ಹನ್ನೊಂದು ವರ್ಷ ಬದುಕಿದ್ದಳು. ಒಂದೇ ಸೂರಿನಡಿ, ಒಂದೇ ಒಲೆಯ ಅಡಿಗೆ. ಹೊತ್ತಿಗೆ ಸರಿಯಾಗಿ ಅವ್ವ ತಾಟು ಇಡುತ್ತಿದ್ದಳು, ಜ್ವರ ಬಂದರೆ ಕಷಾಯ ಕಾಸುತ್ತಿದ್ದಳು. ಮಾತು ಮಾತ್ರ ಇಲ್ಲ. ಹೇಳಬೇಕಾದ್ದಿದ್ದರೆ ನನ್ನ ಮೂಲಕ ಹೇಳಿಸುತ್ತಿದ್ದಳು. ಅಕ್ಕಿ ಹಸನು ಮಾಡುವ ಹೊತ್ತಿಗೆ ಅವ್ವ ಪಡಸಾಲೆಯ ಈ ತುದಿ, ಅಜ್ಜಿ ಆ ತುದಿ. ಅಪ್ಪ ಮುಂದಿನ ಬೇಸಿಗೆಯಲ್ಲಿ ತೊಟ್ಟಿಯನ್ನು ಸುತ್ತಿಗೆಯಿಂದ ತಾನೊಬ್ಬನೇ ಒಡೆದು, ಚೂರುಗಳನ್ನು ಗದ್ದೆಯ ದಾರಿಗೆ ಹಾಸಿದ. ತನ್ನ ತಾಯಿಗೆ ಅವನು ಒಂದು ಗಡಸು ಮಾತೂ ಆಡಲಿಲ್ಲ, ಆದರೆ ಅವಳ ಹತ್ತಿರ ಕೂರುವುದನ್ನು ಬಿಟ್ಟ. ಇನ್ನು ಅವ್ವ ನನ್ನ ಕಡೆಗೆ ತಿರುಗಿದಳು. ಕೂರಲು ಅವಳಿಗೆ ನೀರಿರಲಿಲ್ಲ. ಸಂಜೆ ನನ್ನ ಪಕ್ಕ ಕೂತು ಮಗ್ಗಿ ಹೇಳಿಸತೊಡಗಿದಳು, ನನ್ನ ತಲೆಗೆ ಎಣ್ಣೆ ಹಚ್ಚತೊಡಗಿದಳು. ಅಜ್ಜಿ ಅಂದುಕೊಂಡ ಹಾಗೆಯೇ ಆಯಿತು. ಅವ್ವನ ಕೈ ನನ್ನ ತಲೆಯ ಮೇಲಿರುವಾಗಲೆಲ್ಲ ಪಡಸಾಲೆಯ ಆ ತುದಿಯಲ್ಲಿ ಒಬ್ಬಳೇ ಕೂತ ಅಜ್ಜಿಯನ್ನು ನಾನು ನೋಡಬೇಕಾಗುತ್ತಿತ್ತು. ಸಪ್ಪಳ ಮತ್ತೆಂದೂ ಕೇಳಲಿಲ್ಲ. ಅದರ ಜಾಗದಲ್ಲಿ ಮನೆಯೊಳಗಿನ ಈ ಮೌನ ಕೇಳುತ್ತಿತ್ತು. ಸಪ್ಪಳವೇ ವಾಸಿಯಾಗಿತ್ತು ಎಂದು ಎಷ್ಟೋ ಸಲ ಅನ್ನಿಸಿದೆ.

ಅಜ್ಜಿ ಹಾಸಿಗೆ ಹಿಡಿದಾಗ ನಾನು ಶಿವಮೊಗ್ಗದಲ್ಲಿ ಶಿಕ್ಷಕರ ತರಬೇತಿಯಲ್ಲಿದ್ದೆ. ಬಂದು ನೋಡಿದರೆ ಅವ್ವ ಅವಳ ಮೈಯೊರೆಸಿ, ಸೀರೆ ಬದಲಿಸಿ, ಗಂಜಿ ಕುಡಿಸುತ್ತಿದ್ದಳು, ತುಟಿ ಬಿಚ್ಚದೆ. ಅವ್ವ ಒಳಗೆ ಹೋದಾಗ ನಾನು ಅಜ್ಜಿಯ ಕಿವಿಗೆ ಬಾಗಿ, ಇವತ್ತು ಹೇಳಿಬಿಡುತ್ತೇನೆ ಎಂದೆ. ಮಾತಾಡಲು ಆಗದಿದ್ದರೂ ಅವಳು ಬೇಡವೆಂದು ತಲೆಯಾಡಿಸಿದಳು. ನಾನು ಹೇಳಲಿಲ್ಲ. ಅವಳು ಬೇಡವೆಂದಳು ಎಂಬುದು ನೆಪ. ಹೇಳುವ ಧೈರ್ಯ ನನಗಿರಲಿಲ್ಲ. ಅಜ್ಜಿಯನ್ನು ಗದ್ದೆಯ ಮೂಲೆಯಲ್ಲಿ ಮಂಗಳಕ್ಕನ ಪಕ್ಕದಲ್ಲೇ ಮಣ್ಣು ಮಾಡಿದರು. ಎಷ್ಟೋ ವರ್ಷಗಳ ಮೇಲೆ ಅಪ್ಪನನ್ನೂ ಅಲ್ಲೇ. ಅಪ್ಪನಿಗೂ ನಾನು ಹೇಳಲಿಲ್ಲ.

ಈಗ ಅವ್ವ ಸೊರಬದಲ್ಲಿ ನಮ್ಮ ಜೊತೆಗಿದ್ದಾಳೆ. ನನ್ನ ಮಗಳು, ಅಳಿಯ, ಅವರ ಎರಡು ಮಕ್ಕಳು, ಗಂಡ, ನಾನು, ಮನೆ ಸದಾ ಗಲಗಲ. ಕಳೆದ ಮಳೆಗಾಲಕ್ಕೆ ಮುಂಚೆ ಅಂಗಳದಲ್ಲಿ ನೆಲದಡಿಗೆ ನೀರಿನ ಹೊಸ ಸಂಪು ಕಟ್ಟಿಸಿದೆವು. ಫೋನಿನಲ್ಲಿ ಭಾರಿ ಮಳೆಯ ರೆಡ್ ಅಲರ್ಟ್ ಬಂದ ದಿನ ಪ್ಲಂಬರ್ ಬಂದು, ಒಳಗೆ ತೊಳೆದು, ಖಾಲಿ ಬಿಟ್ಟು, ನಾಳೆ ತುಂಬಿಸಿ ಎಂದು ಹೊರಟಿದ್ದ. ಮೊರದಲ್ಲಿ ಶೇಂಗಾ ಬಿಡಿಸುತ್ತ ಕೂತಿದ್ದ ಅವ್ವ ಅವನನ್ನು ತಡೆದು, ಇವತ್ತೇ ತುಂಬಿಸಿ ಹೋಗು ಎಂದಳು. ಅವನು ನಕ್ಕ. ಅವ್ವ ನಗಲಿಲ್ಲ. ನಮ್ಮತ್ತೆ ಒಬ್ಬಳು ಹೀಗೇ ಖಾಲಿ ಮಾಡಿ ಮನೆ ಮುರಿದಳು ಎಂದು ಅವನಿಗೆ ಹೇಳಿದಳು. ನಲವತ್ತು ವರ್ಷದ ಸಿಟ್ಟು ನಿನ್ನೆಯದೆನ್ನುವಷ್ಟು ಹಸಿಯಾಗಿತ್ತು. ಪ್ಲಂಬರ್ ನೀರು ಬಿಟ್ಟು ಹೋದ. ಮಕ್ಕಳು ಶಾಲೆಗೆ ಹೋಗಿದ್ದರು. ನಾನು ಅವ್ವನ ಎದುರು ಕೂತು, ಅವಳ ಕೈಯಿಂದ ಮೊರ ತೆಗೆದಿಟ್ಟು, ಹೇಳಿದೆ. ಬಿರಡೆಯಿಂದ ಹಿಡಿದು ಬಣವೆಯವರೆಗೆ, ಕೊನೆಯಿಂದ ಮೊದಲಿಗೆ, ಏನನ್ನೂ ಬಿಡದೆ.

ಅವ್ವ ಮೊರ ಎಳೆದುಕೊಂಡು ಉಳಿದ ಕಾಯಿ ಬಿಡಿಸಿದಳು. ಆ ದಿನವೂ ಮರುದಿನವೂ ನನ್ನ ಜೊತೆ ಮಾತಿಲ್ಲ. ನನ್ನ ಮುಂದೆ ಕೂತು ಉಂಡಳು. ಬೇಕಾದ್ದನ್ನು ಮೊಮ್ಮಗಳ ಮೂಲಕ ಕೇಳಿದಳು. ಅಜ್ಜಿ ಹನ್ನೊಂದು ವರ್ಷ ಅನುಭವಿಸಿದ್ದನ್ನು ಎರಡು ದಿನ ಅನುಭವಿಸುವುದರಲ್ಲಿ ನನಗೆ ಅನ್ನ ಇಳಿಯದಂತಾಯಿತು. ಮೂರನೆಯ ದಿನ ಮಧ್ಯಾಹ್ನ ನಾನು ಬಟ್ಟೆ ಮಡಿಚುವಾಗ ಬಂದು ಮಂಚದ ಅಂಚಿಗೆ ಕೂತಳು.

"ಅವತ್ತು ಅಕಿ ನೀರು ಬಡಿದದ್ದು ನನಗೂ ಕೇಳಿಸಿತ್ತು."

ನಾನು ಕೈಯಲ್ಲಿದ್ದ ಬಟ್ಟೆಯನ್ನು ಹಾಗೇ ಹಿಡಿದೆ.

"ಹಂಚಿನ ಮ್ಯಾಲೆ ರೊಟ್ಟಿ ಇತ್ತು. ಕುಸುಮಿ ಹೋಗ್ತಾಳ ಬಿಡು ಅಂದೆ. ಮತ್ತ ಕೇಳಿಸ್ತು. ಇನ್ನೊಂದು ರೊಟ್ಟಿ ಬಡಿದೆ. ಹತ್ತು ಹೆಜ್ಜಿ ಇತ್ತು, ಕುಸುಮಾ. ಹತ್ತ ಹೆಜ್ಜಿ."

ಆ ತೊಟ್ಟಿಯ ಅಂಚಿನಲ್ಲಿ ಆರು ತಿಂಗಳು ಅವಳು ಯಾಕೆ ಕೂತಿದ್ದಳು, ನನ್ನ ಮುಖ ಯಾಕೆ ನೋಡುತ್ತಿರಲಿಲ್ಲ ಎಂಬುದು ನನಗೆ ಆಗ ತಿಳಿಯಿತು. ಒಂದೇ ಸಪ್ಪಳವನ್ನು ಗೋಡೆಯ ಆಚೆಗೊಬ್ಬಳು ಈಚೆಗೊಬ್ಬಳು ಕೇಳಿಸಿಕೊಂಡು, ಒಬ್ಬರಿಗೊಬ್ಬರು ಹೇಳದೆ ಇಷ್ಟು ವರ್ಷ ಕಳೆದಿದ್ದೆವು. ನಾನು ಅವಳ ಕೈ ಹಿಡಿದುಕೊಂಡೆ. ಅವಳು ಬಿಡಿಸಿಕೊಳ್ಳಲಿಲ್ಲ. ನನ್ನನ್ನು ಊರಿಗೆ ಕರೆದುಕೊಂಡು ಹೋಗು ಎಂದಳು.

ಮಳೆ ಎರಡು ದಿನ ಬಿಡುವು ಕೊಟ್ಟಾಗ ಅಳಿಯನ ಕಾರಿನಲ್ಲಿ ಹೊರಟೆವು. ಗದ್ದೆಯನ್ನು ಈಗ ದಾಯಾದಿಗಳು ಮಾಡುತ್ತಿದ್ದಾರೆ. ಅವರ ಮನೆಯಲ್ಲಿ ಚಹಾ ಕುಡಿದು, ಬದುವಿನ ಮೇಲೆ ಅವ್ವನನ್ನು ತೋಳು ಹಿಡಿದು ನಡೆಸಿದೆ. ಮಂಗಳಕ್ಕನ ಹತ್ತಿರ ನಿಲ್ಲುತ್ತಾಳೆ ಎಂದುಕೊಂಡಿದ್ದೆ, ನಿಲ್ಲಲಿಲ್ಲ. ಅಪ್ಪನ ಹತ್ತಿರವೂ ನಿಲ್ಲಲಿಲ್ಲ. ಅಜ್ಜಿಯ ಗುಡ್ಡೆಯ ಮುಂದೆ ನನ್ನ ಕೈ ಬಿಟ್ಟು, ಮಂಡಿಗೆ ಕೈಯೂರಿ, ಒದ್ದೆ ನೆಲದ ಮೇಲೇ ಕೂತಳು. ಬೆಳೆದಿದ್ದ ಹುಲ್ಲನ್ನು ಎರಡು ಸಲ ಕಿತ್ತಳು.

"ಅತ್ತಿ, ನಾನ್ರಿ, ಬಂದೀನಿ," ಎಂದಳು.

ಮುಂದಿನ ಮಾತುಗಳನ್ನು ನಾನು ಕೇಳಬಾರದು ಎನ್ನಿಸಿ ಬದುವಿನ ಆ ಕೊನೆಗೆ ಹೋಗಿ ನಿಂತೆ. ಅವಳ ಬೆನ್ನು ಮಾತ್ರ ಕಾಣುತ್ತಿತ್ತು. ಕೈ ಆಡಿಸುತ್ತ, ನಡುವೆ ಸೆರಗಿನಿಂದ ಮೂಗೊರೆಸಿಕೊಳ್ಳುತ್ತ ಹೇಳುತ್ತಲೇ ಇದ್ದಳು. ಗಾಳಿ ಈ ಕಡೆ ಬೀಸಿದಾಗ ಒಂದೆರಡು ಮಾತು ಕಿವಿಗೆ ಬಿದ್ದವು. ಕ್ಷಮಿಸಿ ಎಂದೇನೂ ಇರಲಿಲ್ಲ ಅದರಲ್ಲಿ. ಯಾವ ಎಮ್ಮೆ ಮಾರಿದ್ದು, ಯಾರ ಮನೆಗೆ ಯಾವ ಸೊಸೆ ಬಂದದ್ದು, ನನ್ನ ಮೊಮ್ಮಗನಿಗೆ ಅಜ್ಜಿಯದೇ ಮೂಗು ಬಂದದ್ದು. ಮೋಡ ಕವಿಯಿತು. ಕೆರೆ ಏರಿಯ ಆಚೆ ಮಳೆ ಇಳಿಯುವುದು ಕಂಡಿತು. ಹತ್ತಿರ ಹೋಗಿ, ಹೊರಡೋಣ ಅವ್ವ, ನೆನೆಯುತ್ತೀ ಎಂದೆ.

ಅವ್ವ ನನ್ನ ಕಡೆ ತಿರುಗಲಿಲ್ಲ.

"ಇರು. ಇನ್ನೂ ಮುಗಿದಿಲ್ಲ," ಎಂದಳು.